ವಿಲ್ಫ್ ತರಬೇಕಾದ ಪೆಸೆಟಾ

ಗ್ರಿಮ್ಸ್‌ಬಿ
೧೨ ಜುಲೈ ೧೯೮೩, ಮಂಗಳವಾರ

ಪ್ರೀತಿಯ ಅಪ್ಪಾ,

ನಿನ್ನ ಬೆನ್ನುನೋವು ಹೇಗಿದೆ? ಹಡಗಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬನೇ ಎತ್ತಬೇಡ ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ನಾನು ಚೆನ್ನಾಗಿದ್ದೇನೆ. ಕೆಲಸ ಇನ್ನೂ ಸಿಕ್ಕಿಲ್ಲ. ಸಾಹಿತ್ಯ ಓದಿದವಳಿಗೆ ಮೀನು ಡಬ್ಬಕ್ಕೆ ತುಂಬಲು ಬರುವುದಿಲ್ಲವೇನೋ ಎಂದು ಪಕ್ಕದ ಮನೆಯ ಬೆರಿಲ್ ಆಂಟಿ ದಿನವೂ ಛೇಡಿಸುತ್ತಿದ್ದರು. ಈ ವಾರ ಛೇಡಿಸುವುದನ್ನು ನಿಲ್ಲಿಸಿದ್ದಾರೆ. ನನಗೆ ಹೆದರಿಕೆಯಾಗಿರುವುದೇ ಅದಕ್ಕೆ.

ಈ ಶನಿವಾರ ಬೆರಿಲ್ ಆಂಟಿಯೂ ಸೇರಿ ಅಮ್ಮನ ಮೀನಿನ ಕಾರ್ಖಾನೆಯ ಹೆಂಗಸರೆಲ್ಲ ಸ್ಪೇನಿಗೆ ಹೊರಡುವುದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದು, ಅಲ್ಲಿ ಖರ್ಚಿಗೆ ಬೇಕಾದ ಸ್ಪೇನಿನ ದುಡ್ಡಿನ, ಆ ಪೆಸೆಟಾದ ಸಂಗತಿ. ಸ್ಪೇನಿನಿಂದ ಹಣ್ಣಿನ ಲಾರಿ ಓಡಿಸುವ ವಿಲ್ಫ್ ಸ್ಟ್ಯಾಲರ್ಡ್ ಕಳೆದ ವರ್ಷ ನಮಗೆ ಸ್ವಲ್ಪ ತಂದುಕೊಟ್ಟಿದ್ದನಲ್ಲ, ಬ್ಯಾಂಕಿಗಿಂತ ಅಗ್ಗಕ್ಕೆ? ಅಮ್ಮ ಅದನ್ನು ಕಾರ್ಖಾನೆಯಲ್ಲಿ ಹೊಗಳಿದ್ದೇ ತಡ, ಎಲ್ಲರೂ ತಮ್ಮ ರಜೆಯ ದುಡ್ಡು ಅಮ್ಮನ ಕೈಗೆ ಕೊಟ್ಟರು; ಅಮ್ಮ ಅಷ್ಟನ್ನೂ ವಿಲ್ಫನಿಗೆ ಕೊಟ್ಟಳು. ವಿಲ್ಫ್ ನಮ್ಮ ಅಡುಗೆಮನೆಯಲ್ಲೇ ಕುಳಿತು, "ಬ್ಯಾಂಕಿನವನಿಗೆ ಸುಮ್ನೆ ಯಾಕೆ ಕೊಡ್ತೀರಿ? ಆ ದುಡ್ಡಲ್ಲಿ ಸಮುದ್ರದ ದಂಡೇಲಿ ಕೂತು ಒಳ್ಳೆ ಮೀನೂಟ ಹೊಡೀಬಹುದು" ಅಂದ. ಬೆರಿಲ್ ಆಂಟಿ, "ಅಯ್ಯೋ ಮಾರಾಯ, ರಜೆಯಲ್ಲೂ ಮೀನಿನ ಹೆಸರೆತ್ತಬೇಡ" ಅಂದರು. ಎಲ್ಲರೂ ಎಷ್ಟು ನಕ್ಕರೆಂದರೆ ಕೇಕಿನ ತಟ್ಟೆ ಹಿಡಿದು ನಿಂತಿದ್ದ ನನಗೂ ನಗು ತಡೆಯಲಾಗಲಿಲ್ಲ.

ಅವನು ಪೆಸೆಟಾ ತೆಗೆದುಕೊಂಡು ಕಳೆದ ಶುಕ್ರವಾರವೇ ಬರಬೇಕಿತ್ತು. ಫ್ರಾನ್ಸಿನಲ್ಲಿ ಲಾರಿ ಕೆಟ್ಟಿರಬೇಕು ಎಂದು ಅಮ್ಮ ಮೊದಲು ಹೇಳಿದಳು. ನಿನ್ನೆಯಿಂದ ಬರೀ "ವಿಲ್ಫ್ ಅಂಥವನಲ್ಲ ಕಣೇ" ಎನ್ನುತ್ತಿದ್ದಾಳೆ, ನಾನು ಕೇಳದಿದ್ದರೂ. ಬೀದಿಯಲ್ಲಿ ಲಾರಿ ಸದ್ದಾದರೆ ರೇಡಿಯೋ ಸಣ್ಣದು ಮಾಡಿ ಕಿವಿಗೊಡುತ್ತಾಳೆ. ಅದು ದಾಟಿ ಹೋದ ಮೇಲೆ ಮತ್ತೆ ದೊಡ್ಡದು ಮಾಡುವುದನ್ನು ಮರೆಯುತ್ತಾಳೆ. ಇವತ್ತು ಕೆಲಸಕ್ಕೆ ಹಿಂದಿನ ಓಣಿಯಿಂದ ಹೋದಳು. ಸೂಟ್‌ಕೇಸಿಗೆ ತುಂಬಿದ್ದ ಹೊಸ ಹೂವಿನ ಫ್ರಾಕನ್ನು ಹೊರಗೆ ತೆಗೆದು ಇಸ್ತ್ರಿ ಮಾಡಿ ಕಪಾಟಿನಲ್ಲಿ ನೇತುಹಾಕಿದ್ದಾಳೆ. ಶನಿವಾರಕ್ಕೆ ಇನ್ನು ನಾಲ್ಕೇ ದಿನ.

ಚಿಪ್ಸ್ ಅಂಗಡಿಯ ಸಾಲಿನಲ್ಲಿ ನಾನು ನಿಂತ ಕೂಡಲೇ ಮಾತು ನಿಂತಿತು. ಕೊನೆಗೆ ಅಮ್ಮನ ಕಾರ್ಖಾನೆಯವರೊಬ್ಬರು ನನ್ನ ಕಡೆ ತಿರುಗದೆಯೇ, "ನಿಮ್ಮಮ್ಮಂಗೆ ಹೇಳಮ್ಮ, ನಮಗೆ ಪೆಸೆಟಾ ಬೇಡ, ನಮ್ಮ ಪೌಂಡೇ ಕೊಡ್ಲಿ ಸಾಕು" ಅಂದರು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಪ್ಪಾ. ಎಷ್ಟು ಮೆಲ್ಲಗೆ ಹೇಳಿದರು ಗೊತ್ತೇ! ನಾನು ತಲೆಯಾಡಿಸಿ, ಏನೂ ಕೊಳ್ಳದೆ ಮನೆಗೆ ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನೀನು ಗಾಬರಿಯಾಗಬೇಡ. ನಾಳೆಯೇ ಅವನು ಬಂದುಬಿಡಬಹುದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ನೆನಪುಗಳು, ನನ್ನ ಮುತ್ತುಗಳು.

ನಿನ್ನ
ಲೋರ್ನಾ

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ವಿಲ್ಫನ ಹೆಂಡತಿ ನೊರೀನ್ ಬಂದರು. "ಅವ್ನು ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ?" ಎಂದು ಬಾಗಿಲಲ್ಲೇ ಕೇಳಿದರು. ಅವನ ಮದುವೆಯ ಕೋಟು ಕಪಾಟಿನಲ್ಲಿಲ್ಲವಂತೆ; ಅವರ ಬ್ಯಾಂಕ್ ಪುಸ್ತಕವೂ ಇಲ್ಲ. ಆಗಷ್ಟೇ ಕೆಲಸದಿಂದ ಬಂದಿದ್ದ ಅಮ್ಮ ದುಡ್ಡಿನ ಮಾತೇ ಎತ್ತದೆ, ಅವರನ್ನು ಕೂರಿಸಿ ಟೀ ಮಾಡಿಕೊಟ್ಟಳು. ಅಪ್ಪಾ, ರೊಟರ್‌ಡ್ಯಾಮ್ ಬಂದರಿನಲ್ಲಿ ಈ ಕಾಗದ ಸಿಕ್ಕ ಕೂಡಲೇ ಕ್ಯಾಪ್ಟನ್ನರನ್ನು ಕೇಳಿ ನಿನ್ನ ಸಂಬಳ ಮುಂಗಡವಾಗಿ ತೆಗೆದುಕೊಂಡು ತಂತಿಯಲ್ಲಿ ಕಳಿಸು, ಎಷ್ಟು ಸಿಕ್ಕರೆ ಅಷ್ಟು. ನಾನು ನಿನ್ನಲ್ಲಿ ದುಡ್ಡು ಕೇಳಿದ್ದು ಅಮ್ಮನಿಗೆ ಗೊತ್ತಿಲ್ಲ. ಬೆರಿಲ್ ಆಂಟಿ ಬಾಗಿಲು ತಟ್ಟುತ್ತಿದ್ದಾರೆ, ಹಿಂದೆ ಇನ್ನೂ ಯಾರೋ ಇದ್ದಾರೆ. ನಾನು ತೆಗೆಯುತ್ತೇನೆಂದರೆ ಅಮ್ಮ ಬೇಡವೆಂದು ತಾನೇ ಎದ್ದು ಹೋಗುತ್ತಿದ್ದಾಳೆ.