ಇಪ್ಪತ್ತು ಹಳದಿ ಚೀಟಿ

1-11-87, ರವಿವಾರ, ಸಂಜೆ

ಇವತ್ತೂ ಗೇಟಿನಲ್ಲಿ ಕುಳಿತು ಹಳದಿ ಚೀಟಿ ಹರಿದೆ. ಅಪ್ಪನ ಜಾಗದಲ್ಲಿ ಸಿಕ್ಕ ಕೆಲಸ, ನನಗೆ ಸರಿ ಹೊಂದಿದೆ. ಸಕ್ಕರೆ ಫ್ಯಾಕ್ಟರಿಯ ಗಾರ್ಡನ್ನಿಗೆ ರೊಕ್ಕ ನಡೆಯುವುದಿಲ್ಲ. ಕೆಲಸಗಾರರಿಗೆ, ಕಬ್ಬು ಕಳಿಸುವವರಿಗೆ ಟೈಮ್ ಆಫೀಸಿನಲ್ಲಿ ಚೀಟಿ ಕೊಡುತ್ತಾರೆ. ಒಂದು ಸಲಕ್ಕೆ ತಲೆಗೊಂದು ಚೀಟಿ. ತಂದರೆ ಹರಿ, ಒಳಗೆ ಬಿಡು. ಚಿಲ್ಲರೆ ಇಲ್ಲ, ಮಾತೂ ಇಲ್ಲ.

ಕುರಿ ಕಾಯುವ ಹಾಲಸಿದ್ದಜ್ಜ ಬಂದಿದ್ದ. ಎಂಟಾಣೆ ಹಿಡಿದು ನಿಂತ. ಒಳಗಿನ ದೊಡ್ಡ ಬೇವಿನ ಮರ ಅವನ ಹೆಂಡತಿ ತುಳಸವ್ವ ಹಚ್ಚಿದ್ದಂತೆ — ಗಾರ್ಡನ್ ಆಗುವ ಮೊದಲು, ಅಲ್ಲಿ ಅವರ ಕುರಿಹಟ್ಟಿ ಇದ್ದಾಗ. ಈಗ ಅವಳಿಗೆ ಮೊಣಕಾಲು ನೋವು. ಒಮ್ಮೆ ಅದರ ನೆರಳಿನಲ್ಲಿ ಕೂರಬೇಕು ಅನ್ನುತ್ತಾಳಂತೆ.

ಚೀಟಿ ಬೇಕು ಅಂದೆ. ನೆಲ ನೋಡುತ್ತ ಅಂದೆ. ಚೀಟಿ ಇಲ್ಲದೆ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಅವನಿಗೆ ಫ್ಯಾಕ್ಟರಿ ಕೆಲಸವೂ ಇಲ್ಲ, ಕಬ್ಬೂ ಇಲ್ಲ. ಚೀಟಿ ಎಲ್ಲಿಂದ...

ಎಂಟಾಣೆ ರುಮಾಲಿಗೆ ಕಟ್ಟಿಕೊಂಡು ಹೋದ.

4-11-87

ಗುಲಾಬಿ ಸೊರಗಿವೆ. ಗೊಬ್ಬರದ ಗಾಡಿ ಬಂದಿಲ್ಲವೆಂದು ಗಾರ್ಡನ್ ಸೂಪರ್‌ವೈಜರ್ ಆಬಾಸಾಹೇಬರು ಎಲ್ಲರ ಮೇಲೂ ರೇಗಿದರು. ನನಗೊಂದು ವಿಚಾರ ಬಂತು. ಹೇಳಲೆಂದು ಅವರ ಮೇಜಿನ ತನಕ ಹೋದೆ. ಕಸ ಆರಿಸುವವಳ ಹಾಗೆ ಬಗ್ಗಿ, ತಿರುಗಿ ಬಂದೆ.

5-11-87, ಸಂಜೆ

ಬಾಯಿಂದ ಆಗದ್ದು ಕೈಯಿಂದ ಆಯಿತು. ಹರಿದ ಚೀಟಿಯ ಬೆನ್ನಿಗೆ ಬರೆದು ಅವರ ಮೇಜಿನ ಮೇಲಿಟ್ಟೆ — ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರ ಬೀಳುತ್ತದೆ, ಅದಕ್ಕೆ ಹೊಲದವರು ಕುರಿಯವರಿಗೆ ಜೋಳ ಕೊಡುತ್ತಾರೆ, ನಾವು ಜೋಳದ ಬದಲು ಚೀಟಿ ಕೊಡಬಹುದು, ಹಾಲಸಿದ್ದಜ್ಜ ಒಪ್ಪುತ್ತಾನೆ. ಹೆಸರು ಹಾಕಲಿಲ್ಲ.

ಮಧ್ಯಾಹ್ನ ಕರೆದರು. "ನಾಕನೇ ಇಯತ್ತೆ ಸಾಲಿ ಕಲ್ತಾಕಿ ಅಕ್ಷರ ನನಗ ಗುರ್ತ ಸಿಗೂದಿಲ್ಲೇನ, ಲಗಮವ್ವಾ?" ನಕ್ಕರು. ಆಗಲಿ ಅಂದರು.

13-11-87

ಗುಲಾಬಿಯ ಪಕ್ಕದ ಖಾಲಿ ಪಟ್ಟಿಯಲ್ಲಿ ಮೂರು ರಾತ್ರಿ ಕುರಿ ನಿಂತವು. ನೆಲವೆಲ್ಲ ಹಿಕ್ಕೆ. ಫ್ಯಾಕ್ಟರಿ ಕಾಲನಿಯ ಹೆಂಗಸರು ಮೂಗು ಮುಚ್ಚಿಕೊಂಡರು. ಆಬಾಸಾಹೇಬರು ಮಾತ್ರ ಏಕದಮ್ ಮಸ್ತ್ ಅಂದರು. ಅಜ್ಜನಿಗೆ ಇಪ್ಪತ್ತು ಚೀಟಿ.

15-11-87, ರವಿವಾರ

ಅಜ್ಜ ಬಂದ. ಹಿಂದೆ ಹತ್ತೊಂಬತ್ತು ಕುರಿ. ಚೀಟಿ ಇಪ್ಪತ್ತೂ ನನ್ನ ಕೈಗಿಟ್ಟ. ಗೇಟಿನ ಮುಂದೆ ಫ್ಯಾಕ್ಟರಿ ಮಂದಿ, ಮಕ್ಕಳು, ಎಲ್ಲ ನಿಂತುಬಿಟ್ಟರು.

"ಇವನ್ನ ಯಾಕ ತಂದಿ ಯಜ್ಜಾ?"

"ದುಡದಾವು ಅವ. ನಾ ಏನ್ ಮಾಡೇನಿ? ಬರೇ ಮಲಗೇನಿ."

ಯಾರೋ ಕಿಸಕ್ಕೆಂದರು. ಚೀಟಿ ಅದಾವಲ್ಲ, ಬಿಡ್ರಿ ಬಾಯಾರ ಅಂದ ಹಿಂದಿನವನು. ಅಜ್ಜ ಚೇಷ್ಟೆ ಮಾಡುತ್ತಿರಲಿಲ್ಲ. ಕುರಿಗಳ ಕಣ್ಣು ಗುಲಾಬಿಯ ಮೇಲೆ. ಬಿಟ್ಟರೆ ಗುಲಾಬಿ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ, ತುಳಸವ್ವನ ನೆರಳೂ ಹೋಗುತ್ತದೆ. ಎದ್ದು ನಿಂತೆ. ಅಷ್ಟು ಮಂದಿಯ ಎದುರು ಬಾಯಿ ತೆರೆದೆ —

"ಇವು ಒಳಗ ಬಂದ್ರ ಇವತ್ತ ಒಂದ ಸಲ, ಯಜ್ಜಾ. ಹೊರಗ ನಿಂತ್ರ ನೀ, ತುಳಸವ್ವಾಯಿ, ಇಬ್ರೂ ಹತ್ತ ಸಲ. ಅವನ್ನ ಕೇಳಿ ನೋಡು."

ಅಜ್ಜ ಮುಂದಿನ ಟಗರಿನ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ಆತು ಅಂತೈತಿ."

ಚೀಟಿ ಎಣಿಸದೆ ತಿರುಗಿ ಕೊಟ್ಟೆ. ಕೂತು ಮುಂದಿನವನ ಚೀಟಿ ಹರಿದೆ. ಖುಷಿ.

22-11-87, ರವಿವಾರ, ಗೇಟಿನಲ್ಲೇ

ತುಳಸವ್ವ ಬಂದಿದ್ದಾಳೆ. ಫ್ಯಾಕ್ಟರಿಗೆ ಕಬ್ಬು ತರುವ ಗಾಡಿಯಲ್ಲಿ ಅಜ್ಜ ಕೂರಿಸಿಕೊಂಡು ತಂದ. ಎರಡೇ ಚೀಟಿ ಹರಿದೆ. ಕುರಿ ಹೊರಗೆ, ನನ್ನ ಲಕ್ಷ್ಯದಲ್ಲಿ.

ಅವಳು ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದ್ದಾಳೆ. ತಲೆ ಎತ್ತಿ ಮೇಲೇ ನೋಡುತ್ತಿದ್ದಾಳೆ. ಹಚ್ಚಿದಾಗ ಮೊಣಕೈ ಉದ್ದ ಇತ್ತಂತೆ.

ಈಗ ನನ್ನ ಕಡೆ ಕೈ ಬೀಸುತ್ತಿದ್ದಾಳೆ, ಬಾ ಅಂತ. ನನ್ನ ಹತ್ತಿರ ಚೀಟಿ ಇಲ್ಲ ಅಂತ ಸನ್ನೆ ಮಾಡಿದೆ. ಅಜ್ಜ ಎದ್ದು ಸಂಚಿಯಿಂದ ಒಂದು ಹಳದಿ ತೆಗೆದು ಎತ್ತಿ ಹಿಡಿದಿದ್ದಾನೆ.

ಗೇಟು ಬಿಟ್ಟು ಹೇಗೆ... ಆಬಾಸಾಹೇಬರು ಈ ಕಡೆಗೇ ಬರುತ್ತಿದ್ದಾರೆ. ಐದು ನಿಮಿಷ ಇಲ್ಲಿ ಕೂಡ್ರಿ ಅಂತ ಕೇಳುತ್ತೇನೆ. ಬರೆದು ಕೊಡುವುದಿಲ್ಲ, ಬಾಯಿಂದಲೇ. ಬಂದರು —