ತೆಪ್ಪದ ಮೂರು ಪೆಟ್ಟು

ತಿ. ನರಸೀಪುರ, ಕಪಿಲೆ ದಡ
12 ಫೆಬ್ರವರಿ 2025

ಪ್ರೀತಿಯ ಮಗಳು ಕವನಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಜೈ ಭೀಮ್.

ನೀನು ಅವ್ವನನ್ನು ನೋಡಿಕೊಂಡು ಆಸ್ಪತ್ರೆಯಿಂದ ಹೊರಟಾಗಿನಿಂದ ಬರೆಯಬೇಕೆಂದು ಕೂತು ಎದ್ದಿದ್ದೇನೆ. ತಡವಾಯಿತು, ಬಯ್ಯಬೇಡ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗುತ್ತೀಯೇನೋ. ಫೋನ್ ಹಿಡಿದರೆ ನಿನ್ನ ಅವ್ವ ಪಕ್ಕದಲ್ಲೇ ಬಂದು ಕೂರುತ್ತಾಳೆ. ನರ್ಸಿಂಗ್ ಪರೀಕ್ಷೆ ಹೇಗಾಯಿತು? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣು.

ಮೊಸಳೆ ಕಚ್ಚಿದ ಅವ್ವನ ಕಾಲಿನ ಹೊಲಿಗೆ ಬಿಚ್ಚಿದರು. ಕೋಲು ಹಿಡಿದು ಹಿತ್ತಲವರೆಗೆ ನಡೆಯುತ್ತಾಳೆ. ಇನ್ನು ನಾಟಿಗೆ ಗದ್ದೆಗಿಳಿಯುವಂತಿಲ್ಲವಂತೆ. ಅರಣ್ಯದವರು ನಡುಗಡ್ಡೆಯಲ್ಲಿ ಬೋನು ಇಟ್ಟಿದ್ದಾರೆ. ಮೊಸಳೆ ಅದರ ಪಕ್ಕದ ಬಂಡೆಯ ಮೇಲೇ ಬಿಸಿಲು ಕಾಯಿಸುತ್ತಿದೆ, ಅದರ ಧಿಮಾಕು ನೋಡು!

ನಮ್ಮ ಪದ್ಧತಿ ನಿನಗೆ ಗೊತ್ತು. ತೆಪ್ಪ ಹತ್ತಿರ ಬಂದರೆ ಬಂಡೆ ಮೇಲಿನ ಮೊಸಳೆ ನೀರಿಗೆ ಜಾರುತ್ತದೆ. ಅದಕ್ಕೇ ಮೊದಲೇ ತೆಪ್ಪದ ಅಂಚಿಗೆ ಹುಟ್ಟುಗೋಲಿನಿಂದ ಮೂರು ಪೆಟ್ಟು ಬಡಿಯುತ್ತೇವೆ. ಸದ್ದು ಕೇಳಿದ ಕೂಡಲೇ ಬಟ್ಟೆ ಒಗೆಯುವ ಹೆಂಗಸರು ಮೆಟ್ಟಿಲು ಹತ್ತಿ ನಿಲ್ಲಬೇಕು. ನನ್ನ ಅಪ್ಪನ ಕಾಲದಿಂದ ಇದು ತಪ್ಪಿರಲಿಲ್ಲ.

ಅವತ್ತು ಬಟ್ಟೆ ಒಗೆಯುತ್ತಿದ್ದ ಅವ್ವ ಮೆಟ್ಟಿಲು ಹತ್ತಲಿಲ್ಲ ಅಂತ ಈಗ ಊರೆಲ್ಲ ಅವಳನ್ನೇ ಅನ್ನುತ್ತಿದೆ. ಮೇಲಿನ ಬೀದಿ ನಾಗಯ್ಯ ಬಾಗಿಲಿಗೇ ಬಂದು, "ಅಲ್ಲ ಕಣಕ್ಕ, ತೆಪ್ಪದೋನ ಎಡ್ತಿ ಆಗಿ ನಿಂಗೇ ಗ್ಯಾನ ಬ್ಯಾಡ್ವಾ?" ಅಂದ. ಅವಳು ತಲೆ ತಗ್ಗಿಸಿ, "ಸದ್ದು ಕೇಳ್ನೇ ಇಲ್ಲ ಕಣಪ್ಪ, ನನ್ ಕಿವಿ ಕೆಟ್ಟೋದ್ವೇನೋ," ಅಂದಳು. ನಾನು ಅಲ್ಲೇ ಬಲೆ ಹೊಲಿಯುತ್ತ ಕೂತಿದ್ದೆ. ಹರಿಯದ ಕಡೆಗೂ ಹೊಲಿಗೆ ಹಾಕಿದೆ.

ಅವ್ವನಿಗೆ ಮೊಸಳೆ ಕಚ್ಚಿದ ಆ ಭಾನುವಾರದಿಂದ ತೆಪ್ಪ ಕವುಚಿ ಹಾಕಿದ್ದೇನೆ. ಮೈಸೂರಿನಿಂದ ವಿಹಾರಕ್ಕೆ ಬಂದವರು ಮೊಸಳೆ ತೋರಿಸಿ ಅನ್ನುತ್ತಾರೆ. ಮೊಸಳೆಗೇ ಇವರನ್ನು ತೋರಿಸೋಣ ಅನ್ನಿಸುತ್ತದೆ.

ಚೆನ್ನಾಗಿ ಓದು ಮಗಳೇ. ಬುದ್ಧನ ಕರುಣೆ ಸದಾ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ದೇವಯ್ಯ

ತಾ.ಕ.: ಯುಗಾದಿಗೆ ಬಂದಾಗ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂತ ಅವ್ವ ನಿನ್ನನ್ನು ಕೇಳುತ್ತಾಳೆ. ಹೋಗಬೇಡ. ಅವಳ ಕಿವಿ ಸರಿಯಾಗೇ ಇದೆ. ಅವತ್ತು ತೆಪ್ಪದಲ್ಲಿದ್ದವರು, "ಸದ್ದು ಮಾಡಬೇಡಿ, ಮೊಸಳೆ ಫೋಟೊ ತೆಗೀಬೇಕು," ಅಂದರು. ನಾನು ಬಡಿಯಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರೆ; ಮಾಡಿದವನು ನಾನು, ಉಂಡವಳು ಅವಳು. ಹೇಳಿಬಿಡೋಣ ಅಂತ ಹತ್ತಿರ ಹೋದಾಗಲೆಲ್ಲ ಕಿವಿಗೆ ಕೈ ಒಡ್ಡಿ, "ಏನಂದೆ? ವಸಿ ಗಟ್ಟಿಯಾಗೇಳು," ಅನ್ನುತ್ತಾಳೆ. ಗಟ್ಟಿಯಾಗಿ ಹೇಳುವ ಮಾತೇ ಮಗಳೇ ಅದು?