ಸೊಂಟಕ್ಕೋ, ಭುಜಕ್ಕೋ

೧೯ ಜನವರಿ ೧೯೮೪, ಗುರುವಾರ

ಸೊಂಟದ ನೋವು ಇವತ್ತೂ ಹೋಗಿಲ್ಲ. ಬಂದರಿನ ನೀರಿನಲ್ಲಿ ಬರೀ ಎಣ್ಣೆ, ಕೊಳಕು. ಅದಕ್ಕೇ ಮೈಗೆ ನೀರು ತಾಗದ ಡ್ರೈಸೂಟ್ ಕೊಟ್ಟಿದ್ದಾರೆ. ಅದರೊಳಗಿನ ಗಾಳಿ ಮೇಲಕ್ಕೆತ್ತುತ್ತದೆ, ಮುಳುಗಲು ಸೀಸ ಜಾಸ್ತಿ ಬೇಕು. ಅಷ್ಟನ್ನೂ ಬೆಲ್ಟಿಗೇ ಕಟ್ಟಿಕೊಂಡು ಹಡಗಿನ ತಳ ನೋಡಿ ಬರುವಷ್ಟರಲ್ಲಿ ನಡು ಬಿದ್ದುಹೋಗುತ್ತದೆ.

ಭುಜದ ಪಟ್ಟಿಗೆ ಹಾಕಿಕೋ ಎಂದ, ಜೊತೆಗೆ ಮುಳುಗುವ ಭೋಜರಾಜ. ಸಂಜೆ ಕಲಾವತಿ ಕ್ಯಾನ್ವಾಸಿನಲ್ಲಿ ಜೇಬು ಇಟ್ಟು ಅಂಥ ಪಟ್ಟಿ ಹೊಲಿದುಕೊಟ್ಟಳು. ಸೀಸ ತುಂಬಿ ತೊಟ್ಟುಕೊಂಡು ಅಡುಗೆಮನೆಯಲ್ಲಿ ಓಡಾಡಿದೆ. ಸೊಂಟಕ್ಕೆ ಭಾರವೇ ಇಲ್ಲ!

"ರೀ, ಕೆಳಗೆ ಏನಾದ್ರೂ ಆದ್ರೆ ಇದನ್ನ ಕಳಚಿ ಬಿಡ್ಬೇಕಲ್ವಾ? ಕಣ್ಮುಚ್ಕೊಂಡು ಒಂದೇ ಕೈಯಲ್ಲಿ ಬಿಚ್ಚಿ ನೋಡೋಣ, ಸೀಕ್ರಂ," ಎಂದು ಈ ಊರಿನ ತಮಿಳಿನಲ್ಲಿ ಅವಸರಿಸಿದಳು.

ಬಕಲ್ ಕೈಗೆ ಸಿಗಲೇ ಇಲ್ಲ. ಪಟ್ಟಿ ಮೊಣಕೈಗೆ ಸುತ್ತಿಕೊಂಡಿತು. ನಾನು ನಕ್ಕೆ, ಅವಳು ನಗಲಿಲ್ಲ.

ಕೊನೆಗೆ ಅರ್ಧ ಸೀಸ ಭುಜಕ್ಕೆ, ಅರ್ಧ ಬೆಲ್ಟಿಗೆ ಎಂದು ತೀರ್ಮಾನಿಸಿದೆ. ಬೆಲ್ಟು ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಅಷ್ಟು ಬಿದ್ದರೆ ಸಾಕು, ಮೇಲೆ ಬರಬಹುದು. ಅವಳೆದುರೇ ಎಳೆದು ತೋರಿಸಿದೆ. ಸೀಸ ದಢಾರನೆ ನೆಲಕ್ಕೆ ಬಿತ್ತು. ಕೆಳಗಿನ ಮನೆಯವರು ಏನಾಯಿತೆಂದು ತಮಿಳಿನಲ್ಲಿ ಕೂಗಿದರು.

ಕಲಾವತಿ ಬೆಲ್ಟನ್ನು ಎತ್ತಿ ಮತ್ತೆ ನನ್ನ ಸೊಂಟಕ್ಕೆ ಬಿಗಿದಳು. "ಇನ್ನೊಂದ್ಸಲ," ಅಂದಳು.